ಲ್ಯಾಪ್‌ಟಾಪ್ ಬಾಕ್ಸ್‌ನಲ್ಲಿ ಚಾರ್ಜರ್ ಇಲ್ಲ: ಕಾನೂನು ಹೇಳಿದ್ದೇನು, ಕಂಪನಿ ಮಾಡಿದ್ದೇನು?

2025ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿ ಎಂ5 ಚಿಪ್ ಇರುವ 14 ಇಂಚಿನ ಮ್ಯಾಕ್‌ಬುಕ್ ಪ್ರೊ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಕೊಂಡವರಿಗೆ ಬಾಕ್ಸ್ ಒಳಗೆ 70 ವಾಟ್‌ನ ಚಾರ್ಜರ್ ಸಿಕ್ಕಿತು. ಯುರೋಪಿನಲ್ಲಿ ಕೊಂಡವರಿಗೆ ಲ್ಯಾಪ್‌ಟಾಪ್ ಸಿಕ್ಕಿತು, ಕೇಬಲ್ ಸಿಕ್ಕಿತು, ಚಾರ್ಜರ್ ಮಾತ್ರ ಸಿಗಲಿಲ್ಲ. ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ತಗೊಳ್ಳಿ ಎಂದರು.

ಈ ಸುದ್ದಿ ಬಂದಾಗ ಎರಡು ಮಾತು ಕೇಳಿಬಂದವು. ಒಂದು, ‘ಯುರೋಪಿನ ಸರ್ಕಾರದವರು ಚಾರ್ಜರ್ ಕೊಡೋದನ್ನೇ ನಿಷೇಧಿಸಿದ್ದಾರೆ’. ಇನ್ನೊಂದು, ‘ಕಾನೂನೂ ಇಲ್ಲ ಏನೂ ಇಲ್ಲ, ಕಂಪನಿಯವರು ದುಡ್ಡು ಉಳಿಸೋಕೆ ಹೂಡಿದ ಆಟ ಇದು’. ಎರಡೂ ಅರ್ಧ ಸರಿ, ಅರ್ಧ ತಪ್ಪು. ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿಯೂ ಇದೆ. ಬ್ರಿಟನ್ ಈಗ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ಆದರೂ ಅಲ್ಲಿನ ಬಾಕ್ಸ್‌ನಲ್ಲೂ ಚಾರ್ಜರ್ ಇರಲಿಲ್ಲ.

ಹಾಗಾದರೆ ಆ ಕಾನೂನು ನಿಜವಾಗಿ ಏನು ಹೇಳುತ್ತದೆ?

ಕಾನೂನಿನಲ್ಲಿ ಮುಖ್ಯವಾದದ್ದು ಮೂರು ಮಾತು

ಹಿನ್ನೆಲೆ ಸ್ವಲ್ಪ ಹಳೆಯದು. 2009ರ ಸುಮಾರಿಗೆ ಯುರೋಪಿನಲ್ಲಿ ಮೊಬೈಲ್ ಚಾರ್ಜರ್‌ಗಳಲ್ಲೇ ಸುಮಾರು 30 ಬಗೆ ಇದ್ದವು. ಒಂದು ಕಂಪನಿಯದ್ದು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಆಗ ಕಂಪನಿಗಳೇ ತಮ್ಮ ಇಚ್ಛೆಯಿಂದ ಒಪ್ಪಂದ ಮಾಡಿಕೊಂಡವು. ಬಗೆಗಳು 30ರಿಂದ 3ಕ್ಕೆ ಇಳಿದವು. ಆದರೆ ಮೂರರಿಂದ ಒಂದಕ್ಕೆ ಇಳಿಯಲು ಮಾತ್ರ ಯಾರೂ ತಯಾರಿರಲಿಲ್ಲ. ಕೊನೆಗೆ ಕಾನೂನೇ ಬರಬೇಕಾಯಿತು. 2022ರ ಅಕ್ಟೋಬರ್ 4ರಂದು ಯುರೋಪಿಯನ್ ಸಂಸತ್ತು ಅದನ್ನು 602 ಮತಗಳಿಂದ ಒಪ್ಪಿತು. ವಿರುದ್ಧ ಬಿದ್ದದ್ದು 13 ಮತ. ಫೋನ್, ಟ್ಯಾಬ್ಲೆಟ್, ಹೆಡ್‌ಫೋನ್, ಕ್ಯಾಮೆರಾ ಮುಂತಾದವಕ್ಕೆ 2024ರ ಡಿಸೆಂಬರ್ 28ರಿಂದ ನಿಯಮ ಜಾರಿಯಾಯಿತು. ಲ್ಯಾಪ್‌ಟಾಪ್‌ಗಳಿಗೆ ಹೆಚ್ಚು ಸಮಯ ಕೊಟ್ಟು 2026ರ ಏಪ್ರಿಲ್ 28 ಎಂದು ದಿನ ಗೊತ್ತು ಮಾಡಿದರು.

ಸಾಮಾನ್ಯ ಗ್ರಾಹಕರಿಗೆ ಸಂಬಂಧಪಟ್ಟಂತೆ ಅದರಲ್ಲಿ ಮುಖ್ಯವಾಗಿರುವುದು ಮೂರು ಮಾತು. ವೈರ್‌ನಿಂದ ಚಾರ್ಜ್ ಆಗುವ ಸಾಧನಕ್ಕೆ ಯುಎಸ್‌ಬಿ ಟೈಪ್-ಸಿ ಪೋರ್ಟ್ ಇರಬೇಕು. 15 ವಾಟ್‌ಗಿಂತ ಜಾಸ್ತಿ ವಿದ್ಯುತ್ ಎಳೆಯುವುದಾದರೆ ಅದು ಯುಎಸ್‌ಬಿ ಪವರ್ ಡೆಲಿವರಿ ಎಂಬ ಸಾಮಾನ್ಯ ಪದ್ಧತಿಗೂ ಒಗ್ಗಬೇಕು. ಇದನ್ನು ಚಿಕ್ಕದಾಗಿ ಪಿಡಿ ಎನ್ನುತ್ತಾರೆ. ಮೂರನೆಯದೇ ಇಷ್ಟೆಲ್ಲ ಚರ್ಚೆಗೆ ಕಾರಣವಾದ ಮಾತು: ಕಂಪನಿ ಚಾರ್ಜರ್ ಸಮೇತ ಮಾರುವುದಾದರೆ, ಅದೇ ಸಾಧನವನ್ನು ಚಾರ್ಜರ್ ಇಲ್ಲದೆಯೂ ಮಾರಬೇಕು.

ಮೂರನೇ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಚಾರ್ಜರ್ ಕೊಡಬೇಡಿ ಎಂದು ಎಲ್ಲೂ ಹೇಳಿಲ್ಲ. ಕೊಡಲೇಬೇಕು ಎಂದೂ ಹೇಳಿಲ್ಲ. ‘ಬೇಡ’ ಎನ್ನುವ ಗ್ರಾಹಕನ ತಲೆಗೆ ಕಟ್ಟಬೇಡಿ ಎಂದಷ್ಟೇ ಹೇಳಿದೆ.

ಎರಡು ಬಾಕ್ಸ್ ಯಾಕೆ, ಒಂದೇ ಸಾಕು

ಈಗ ಕಂಪನಿಯ ಕಡೆಯಿಂದ ಯೋಚಿಸಿ. ಒಂದೇ ಮಾಡೆಲ್ ಲ್ಯಾಪ್‌ಟಾಪ್ ಎರಡು ಬಣ್ಣದಲ್ಲಿ, ಮೂರು ಬಗೆಯ ಸ್ಟೋರೇಜ್‌ನಲ್ಲಿ, ಎರಡು ಬಗೆಯ ಮೆಮೊರಿಯಲ್ಲಿ ಬರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿಗೇ 12 ಬಗೆ ಆಯಿತು. ಕೀಬೋರ್ಡ್ ಜರ್ಮನ್‌ನದ್ದು ಬೇರೆ, ಫ್ರೆಂಚ್‌ನದ್ದು ಬೇರೆ, ಸ್ಪ್ಯಾನಿಶ್‌ನದ್ದು ಬೇರೆ. ಇದಕ್ಕೆಲ್ಲ ‘ಚಾರ್ಜರ್ ಇರುವುದು’, ‘ಚಾರ್ಜರ್ ಇಲ್ಲದ್ದು’ ಎಂದು ಮತ್ತೆ ಎರಡೆರಡು ಸ್ಟಾಕ್ ಇಡಬೇಕು. ಯಾವ ಅಂಗಡಿಗೆ ಯಾವುದು ಎಷ್ಟು ಕಳಿಸಬೇಕು ಎಂದು ಅಂದಾಜು ಮಾಡಬೇಕು. ಅಂದಾಜು ತಪ್ಪಿದರೆ ಒಂದು ಬಗೆ ಗೋಡೌನ್‌ನಲ್ಲಿ ಕೊಳೆಯುತ್ತದೆ, ಇನ್ನೊಂದು ಸಿಗುವುದೇ ಇಲ್ಲ.

ಇದಕ್ಕಿಂತ ಸುಲಭದ ದಾರಿ ಒಂದಿದೆ. ಎಲ್ಲ ಬಾಕ್ಸ್‌ನಿಂದಲೂ ಚಾರ್ಜರ್ ತೆಗೆದುಬಿಡುವುದು. ‘ಚಾರ್ಜರ್ ಸಮೇತ ಮಾರುವುದಾದರೆ’ ಎಂಬ ಷರತ್ತೇ ಆಗ ಅನ್ವಯಿಸುವುದಿಲ್ಲ. ಬೇಕಾದವರಿಗೆ ಚಾರ್ಜರನ್ನು ಬೇರೆ ವಸ್ತುವಾಗಿ ಮಾರಿದರಾಯಿತು. ಹೀಗೆ ಗ್ರಾಹಕನಿಗೆ ಆಯ್ಕೆ ಕೊಡಲು ಬರೆದ ಸಾಲು, ಕಂಪನಿಗೆ ಚಾರ್ಜರನ್ನೇ ಕೈಬಿಡಲು ದಾರಿಯಾಯಿತು. ಬ್ರಿಟನ್‌ನ ಒಗಟೂ ಇಲ್ಲಿಂದ ಸ್ವಲ್ಪ ಬಿಡಿಸುತ್ತದೆ. ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್‌ಗೆ ಈ ಯುರೋಪಿಯನ್ ನಿಯಮ ಈಗಲೂ ಅನ್ವಯ. ಅಷ್ಟು ಸಣ್ಣ ಪ್ರದೇಶಕ್ಕೆ ಪ್ರತ್ಯೇಕ ಬಾಕ್ಸ್ ಮಾಡುವ ಬದಲು ಇಡೀ ದೇಶಕ್ಕೆ ಒಂದೇ ಬಾಕ್ಸ್ ಕಳಿಸುವುದು ಯಾವ ಕಂಪನಿಗಾದರೂ ಸಲೀಸು.

ಬೆಲೆ ಇಳಿಸಬೇಕಾ? ಕಾನೂನು ಆ ಬಗ್ಗೆ ಬಾಯಿ ಬಿಟ್ಟಿಲ್ಲ. ಚಾರ್ಜರ್ ಇಲ್ಲದ ಬಾಕ್ಸ್ ಎಷ್ಟು ಅಗ್ಗವಾಗಿರಬೇಕು ಎಂಬ ಲೆಕ್ಕ ಅದರಲ್ಲಿ ಇಲ್ಲ. ಮಾರುಕಟ್ಟೆಯ ಪೈಪೋಟಿ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಇದ್ದಿರಬೇಕು. ನನ್ನ ಪ್ರಕಾರ ಇಡೀ ಕಾನೂನಿನಲ್ಲಿ ಸಡಿಲಾಗಿರುವುದು ಇದೇ ಜಾಗ. ಎರಡು ಬಾಕ್ಸ್ ಅಂಗಡಿಯಲ್ಲಿ ಅಕ್ಕಪಕ್ಕ ಇದ್ದರೆ ಬೆಲೆಯ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಒಂದೇ ಬಾಕ್ಸ್ ಇದ್ದರೆ ಯಾವುದಕ್ಕೆ ಹೋಲಿಸುವುದು? ಬೆಲೆ ಇಳಿಯಿತಾ, ಹಾಗೇ ಉಳಿಯಿತಾ ಎಂದು ಹೇಳುವುದೂ ಕಷ್ಟ. ಮಾಡೆಲ್ ಹೊಸದು, ಚಿಪ್ ಹೊಸದು, ತೆರಿಗೆ ಬೇರೆ, ಕರೆನ್ಸಿಯ ದರ ಬೇರೆ.

ಫೋನ್‌ನ ಲೆಕ್ಕ ಲ್ಯಾಪ್‌ಟಾಪ್‌ಗೆ ಹೊಂದುತ್ತಾ?

ಫೋನ್‌ನ ವಿಷಯದಲ್ಲಿ ಇದೇ ಜಗಳ ಮೊದಲೇ ನಡೆದಿದೆ. 2020ರಲ್ಲಿ ಐಫೋನ್ 12ರ ಜೊತೆ ಚಾರ್ಜರ್ ಕೊಡುವುದನ್ನು ಆಪಲ್ ನಿಲ್ಲಿಸಿತು. ಮರುವರ್ಷ ಸ್ಯಾಮ್‌ಸಂಗ್ ಕೂಡ ಗ್ಯಾಲಕ್ಸಿ ಎಸ್21ರಲ್ಲಿ ಅದನ್ನೇ ಮಾಡಿತು. ಜನ ಬೈದರು, ಆಮೇಲೆ ಒಗ್ಗಿಕೊಂಡರು. ಒಗ್ಗಿಕೊಳ್ಳಲು ಕಾರಣವೂ ಇತ್ತು. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ನ ಲೆಕ್ಕದಂತೆ ಅಲ್ಲಿನ ಒಬ್ಬ ಗ್ರಾಹಕನ ಬಳಿ ಸರಾಸರಿ ಮೂರು ಮೊಬೈಲ್ ಚಾರ್ಜರ್ ಇರುತ್ತವೆ, ಬಳಸುವುದು ಎರಡೇ. ನಮ್ಮ ಮನೆಗಳಲ್ಲೂ ಟಿವಿ ಕೆಳಗಿನ ಡ್ರಾಯರ್ ಎಳೆದರೆ ನಾಲ್ಕೈದು ಹಳೇ ಚಾರ್ಜರ್ ವೈರ್ ಸುತ್ತಿಕೊಂಡು ಬಿದ್ದಿರುತ್ತವೆ, ಅಲ್ವಾ?

ಅದೇ ಡ್ರಾಯರ್‌ನಲ್ಲಿ ಹೊಸ ಲ್ಯಾಪ್‌ಟಾಪ್‌ಗೆ ಆಗುವ ಚಾರ್ಜರ್ ಇದೆಯಾ ಎಂದು ಹುಡುಕಿ. ಬಹಳ ಮನೆಗಳಲ್ಲಿ ಇರುವುದಿಲ್ಲ. ಜನ ಫೋನ್ ಬದಲಿಸಿದಷ್ಟು ಬೇಗ ಲ್ಯಾಪ್‌ಟಾಪ್ ಬದಲಿಸುವುದಿಲ್ಲ. ಏಳೆಂಟು ವರ್ಷ ಹಿಂದಿನ ಲ್ಯಾಪ್‌ಟಾಪ್‌ನ ಚಾರ್ಜರ್ ಎಂದರೆ ಕಪ್ಪು ಇಟ್ಟಿಗೆಯಂಥ ಡಬ್ಬ, ಅದರ ತುದಿಯಲ್ಲಿ ದುಂಡನೆಯ ಪಿನ್. ಪಿನ್‌ನ ದಪ್ಪ ಕಂಪನಿಗೊಂದು. ಕೆಲವು ಪಿನ್‌ಗಳ ನಡುವೆ ಸೂಜಿಯಂಥ ಇನ್ನೊಂದು ಕಡ್ಡಿ ಬೇರೆ. ‘ಇದು ನಮ್ಮದೇ ಚಾರ್ಜರ್’ ಎಂದು ಲ್ಯಾಪ್‌ಟಾಪ್‌ಗೆ ತಿಳಿಸಲು ಅದನ್ನು ಇಟ್ಟಿರುತ್ತಾರೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಡಾಪ್ಟರ್ ಕೇಳಿದರೆ ಅಂಗಡಿಯವರು ಮೊದಲು ‘ಯಾವ ಪಿನ್?’ ಎಂದು ಕೇಳುವುದು ಇದಕ್ಕೇ.

ಈ ದುಂಡು ಪಿನ್ ಟೈಪ್-ಸಿ ತೂತಿಗೆ ಹೋಗುವುದಿಲ್ಲ. ಆದ್ದರಿಂದ ‘ನಿಮ್ಮ ಬಳಿ ಹೇಗೂ ಚಾರ್ಜರ್ ಇದೆ’ ಎಂಬ ಮಾತು ಫೋನ್‌ಗೆ ಒಪ್ಪುವಷ್ಟು ಲ್ಯಾಪ್‌ಟಾಪ್‌ಗೆ ಇನ್ನೂ ಒಪ್ಪುವುದಿಲ್ಲ. ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ ಒಪ್ಪಬಹುದು. ಈ ಸಲ ಕೊಳ್ಳುವವರು ಮಾತ್ರ ಕೈಯಿಂದ ದುಡ್ಡು ಹಾಕಿ ಚಾರ್ಜರ್ ತರಬೇಕು.

ಕಂಪನಿ ಆಫೀಸುಗಳ ಮಾತು ಬೇರೆ. ಅಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಾಗುತ್ತದೆ. ಎಷ್ಟೋ ಕಡೆ ಮೇಜಿನ ಮೇಲೆ ಟೈಪ್-ಸಿ ಡಾಕ್ ಇರುತ್ತದೆ, ಅಂದರೆ ಒಂದೇ ಕೇಬಲ್‌ನಿಂದ ಮಾನಿಟರ್, ಕೀಬೋರ್ಡ್, ಕರೆಂಟ್ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಜೋಡಿಸುವ ಡಬ್ಬ. ಮಾನಿಟರ್‌ನಿಂದಲೇ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ. ಸಾವಿರ ಲ್ಯಾಪ್‌ಟಾಪ್ ತರಿಸಿದರೆ ಸಾವಿರ ಚಾರ್ಜರ್ ನಿಜಕ್ಕೂ ಹೊರೆ. ಫ್ರೇಮ್‌ವರ್ಕ್‌ನಂಥ ಲ್ಯಾಪ್‌ಟಾಪ್ ಕಂಪನಿ ಕಾನೂನಿನ ಒತ್ತಾಯ ಇಲ್ಲದಿದ್ದಾಗಲೇ, ನಾವೇ ಜೋಡಿಸಿಕೊಳ್ಳುವ ಮಾಡೆಲ್‌ಗಳಲ್ಲಿ ಚಾರ್ಜರನ್ನು ಆಯ್ಕೆಯಾಗಿ ಇಟ್ಟಿತ್ತು. ಬೇಕು ಎಂದರೆ ಇಷ್ಟು ಬೆಲೆ, ಬೇಡ ಎಂದರೆ ಅಷ್ಟು ಕಡಿಮೆ. ಯುರೋಪಿನ ಕಾನೂನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಇಂಥದ್ದೇ ಇರಬೇಕು.

ಚಾರ್ಜರ್ ಮೈಮೇಲಿನ ಸಣ್ಣ ಅಕ್ಷರ

ಸರಿ, ಟೈಪ್-ಸಿ ಚಾರ್ಜರ್ ಮನೆಯಲ್ಲಿ ಇದೆ ಎಂದೇ ಇಟ್ಟುಕೊಳ್ಳೋಣ. ಅದು ಸಾಕಾಗುತ್ತಾ? ಇದಕ್ಕೆ ಉತ್ತರ ಅದರ ಮೈಮೇಲೆಯೇ ಇದೆ. ಓದಲು ಬೆಳಕು ಬೇಕು, ಕೆಲವರಿಗೆ ಕನ್ನಡಕವೂ ಬೇಕು.

65 ವಾಟ್‌ನ ಒಂದು ಪಿಡಿ ಚಾರ್ಜರ್ ತಿರುಗಿಸಿ ನೋಡಿದರೆ ‘ಔಟ್‌ಪುಟ್’ ಎಂಬ ಪದದ ಮುಂದೆ ಸಾಲಾಗಿ ಅಂಕಿಗಳಿರುತ್ತವೆ: 5 ವೋಲ್ಟ್ 3 ಆಂಪ್, 9 ವೋಲ್ಟ್ 3 ಆಂಪ್, 15 ವೋಲ್ಟ್ 3 ಆಂಪ್, 20 ವೋಲ್ಟ್ 3.25 ಆಂಪ್. ಕೊನೆಯ ಎರಡು ಅಂಕಿ ಗುಣಿಸಿ. 20ನ್ನು 3.25ರಿಂದ ಗುಣಿಸಿದರೆ 65. ಅದೇ ಅದರ ಗರಿಷ್ಠ ವಾಟ್. ಕೇಬಲ್ ಸಿಕ್ಕಿಸಿದ ಕೂಡಲೇ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ನಡುವೆ ಒಂದು ಸಣ್ಣ ಮಾತುಕತೆ ನಡೆಯುತ್ತದೆ. ‘ನನ್ನತ್ರ ಇಷ್ಟಿಷ್ಟು ವೋಲ್ಟ್ ಇದೆ, ಯಾವುದು ಬೇಕು?’ ಎಂದು ಚಾರ್ಜರ್ ಕೇಳುತ್ತದೆ. ‘20 ಕೊಡಪ್ಪ’ ಎನ್ನುತ್ತದೆ ಲ್ಯಾಪ್‌ಟಾಪ್. ಒಪ್ಪಂದ ಆದ ಮೇಲಷ್ಟೇ ವೋಲ್ಟ್ ಏರುತ್ತದೆ, ಅಲ್ಲಿಯವರೆಗೆ 5ರಲ್ಲೇ ಇರುತ್ತದೆ. ಈ ಕಾರಣಕ್ಕೇ ದೊಡ್ಡ ಲ್ಯಾಪ್‌ಟಾಪ್ ಚಾರ್ಜರ್‌ಗೆ ಫೋನ್ ಹಾಕಿದರೂ ಫೋನ್ ಸುಡುವುದಿಲ್ಲ. ಅದು ತನಗೆ ಬೇಕಾದಷ್ಟನ್ನೇ ಕೇಳಿ ಪಡೆಯುತ್ತದೆ.

ತೊಂದರೆ ಆಗುವುದು ಉಲ್ಟಾ ಹಾಕಿದಾಗ. ಫೋನ್‌ನ 20 ವಾಟ್ ಚಾರ್ಜರನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಕೆಲವು ಲ್ಯಾಪ್‌ಟಾಪ್‌ಗಳು ಒಪ್ಪುವುದೇ ಇಲ್ಲ. ಒಪ್ಪಿದರೂ, ಕೆಲಸ ಮಾಡುತ್ತಿದ್ದಂತೆ ಬ್ಯಾಟರಿ ಇಳಿಯುತ್ತಲೇ ಹೋಗಬಹುದು. ಪರದೆಯ ಮೇಲೆ ‘ಚಾರ್ಜ್ ಆಗುತ್ತಿದೆ’ ಎಂಬ ಗುರುತು, ಕೆಳಗೆ ಮಾತ್ರ 41, 40, 39.

ಇದಕ್ಕಿಂತ ಜಾಸ್ತಿ ಗೊಂದಲ ಆಗುವುದು 80 ವಾಟ್ ಎಂದು ಬರೆದ ಕೆಲವು ಫೋನ್ ಚಾರ್ಜರ್‌ಗಳಿಂದ. ಎಂಬತ್ತು ಅಂದರೆ ಲ್ಯಾಪ್‌ಟಾಪ್‌ಗೆ ಧಾರಾಳ ಸಾಕಲ್ಲ ಎನಿಸುತ್ತದೆ. ತಿರುಗಿಸಿ ನೋಡಿದರೆ ಅಲ್ಲಿ 11 ವೋಲ್ಟ್ 7.3 ಆಂಪ್ ಎಂದಿರುತ್ತದೆ. ಅದು ಆ ಕಂಪನಿಯ ಸ್ವಂತ ಪದ್ಧತಿ, ಅದರದ್ದೇ ಫೋನ್‌ಗೆ ಮಾತ್ರ ಆ ವೇಗ. ಲ್ಯಾಪ್‌ಟಾಪ್ ಬಂದು ಪಿಡಿ ಭಾಷೆಯಲ್ಲಿ ಕೇಳಿದರೆ ಅದಕ್ಕೆ ಅರ್ಥವಾಗುವುದಿಲ್ಲ. ಆಗ 5 ವೋಲ್ಟ್ 2 ಆಂಪ್, ಅಂದರೆ 10 ವಾಟ್, ಅಷ್ಟೇ ಗತಿ.

ಎರಡು ಮೂರು ಪೋರ್ಟ್ ಇರುವ ಚಾರ್ಜರ್‌ಗಳದ್ದು ಇನ್ನೊಂದು ಕಥೆ. ಒಂದೇ ಹಾಕಿದಾಗ 65 ವಾಟ್ ಪೂರ್ತಿ ಸಿಗುತ್ತದೆ. ಪಕ್ಕದಲ್ಲಿ ಫೋನ್ ಸಿಕ್ಕಿಸಿದ ಕೂಡಲೇ 45 ಮತ್ತು 20 ಎಂದು ಪಾಲಾಗಬಹುದು.

ಕೇಬಲ್ ನೋಡಿದರೆ ಗೊತ್ತಾಗಲ್ಲ

ಕೇಬಲ್ ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಎಲ್ಲ ಟೈಪ್-ಸಿ ಕೇಬಲ್ ಕಣ್ಣಿಗೆ ಒಂದೇ ಥರ. ಆದರೆ ಸಾಧಾರಣ ಕೇಬಲ್ 3 ಆಂಪ್‌ವರೆಗೆ ಮಾತ್ರ ಒಯ್ಯುತ್ತದೆ. 20 ವೋಲ್ಟ್‌ನಲ್ಲಿ ಅದು 60 ವಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ತುದಿಯಲ್ಲಿ ಸಣ್ಣ ಚಿಪ್ ಇರುವ 5 ಆಂಪ್‌ನ ಕೇಬಲ್ ಬೇಕು. ಆ ಚಿಪ್ ‘ನಾನು 5 ಆಂಪ್ ತಡೆಯಬಲ್ಲೆ’ ಎಂದು ಹೇಳದಿದ್ದರೆ ಚಾರ್ಜರ್ 3ರ ಮೇಲೆ ಹೋಗುವುದಿಲ್ಲ. ಅಂದರೆ 100 ವಾಟ್ ಚಾರ್ಜರ್, 100 ವಾಟ್ ಬೇಡುವ ಲ್ಯಾಪ್‌ಟಾಪ್, ನಡುವೆ ಹಳೇ ಫೋನ್‌ನ ಕೇಬಲ್ ಇದ್ದರೆ ಸಿಗುವುದು 60 ವಾಟ್. ಹೊಸ ಪಿಡಿ ಪದ್ಧತಿಯಲ್ಲಿ 48 ವೋಲ್ಟ್‌ವರೆಗೆ ಏರಿ 240 ವಾಟ್ ಕೊಡಲು ಸಾಧ್ಯ. ಯುರೋಪಿನ ನಿಯಮ ಮೊದಲು 100 ವಾಟ್‌ಗೆ ನಿಂತಿತ್ತು, ಆಮೇಲೆ ಅದನ್ನು 240ಕ್ಕೆ ಏರಿಸಿದರು. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್‌ಗಳು 280, 330 ವಾಟ್ ಕೂಡ ಎಳೆಯುತ್ತವೆ. ಅವಕ್ಕೆ ಇಟ್ಟಿಗೆಯಂಥ ಹಳೇ ಚಾರ್ಜರ್ ಸದ್ಯಕ್ಕಂತೂ ತಪ್ಪಿದ್ದಲ್ಲ.

ಈ ತಲೆನೋವೆಲ್ಲ ಗೊತ್ತಿದ್ದೇ ಯುರೋಪಿನಲ್ಲಿ ಬಾಕ್ಸ್ ಮೇಲೆ ಗುರುತು ಹಾಕುವುದನ್ನು ಕಡ್ಡಾಯ ಮಾಡಿದ್ದಾರೆ. ಒಂದು ಚೌಕದೊಳಗೆ ಪ್ಲಗ್‌ನ ಚಿತ್ರ ಇರುತ್ತದೆ. ಅದರ ಮೇಲೆ ಅಡ್ಡ ಗೀಟು ಎಳೆದಿದ್ದರೆ ಚಾರ್ಜರ್ ಒಳಗಿಲ್ಲ ಎಂದರ್ಥ. ಇನ್ನೊಂದು ಗುರುತಿನಲ್ಲಿ, ಈ ಸಾಧನಕ್ಕೆ ಕನಿಷ್ಠ ಎಷ್ಟು ವಾಟ್ ಬೇಕು, ಪೂರ್ತಿ ವೇಗಕ್ಕೆ ಎಷ್ಟು ಬೇಕು ಎಂದು ಎರಡು ಅಂಕಿ ಇರುತ್ತವೆ. ಪಿಡಿ ಪದ್ಧತಿಗೆ ಒಗ್ಗುವುದಾದರೆ ಅದನ್ನೂ ಅಲ್ಲೇ ಬರೆದಿರುತ್ತಾರೆ. ಇಡೀ ಕಾನೂನಿನಲ್ಲಿ ಅತಿ ಕಡಿಮೆ ಸದ್ದು ಮಾಡಿದ, ಅತಿ ಹೆಚ್ಚು ಉಪಯೋಗದ ಭಾಗ ಇದು.

ಕಸದ ಲೆಕ್ಕ ಎಷ್ಟು ಗಟ್ಟಿ?

ಇಷ್ಟೆಲ್ಲ ಮಾಡುತ್ತಿರುವುದು ಇ-ಕಸ ಕಡಿಮೆ ಮಾಡಲು ಎಂಬುದು ಯುರೋಪಿನ ವಾದ. ಎಸೆದ ಮತ್ತು ಬಳಸದೆ ಬಿದ್ದ ಚಾರ್ಜರ್‌ಗಳಿಂದ ವರ್ಷಕ್ಕೆ 11,000 ಟನ್ ಕಸ ಆಗುತ್ತದೆ ಎಂದು ಕಮಿಷನ್ ಅಂದಾಜು ಮಾಡಿತ್ತು. ಬೇಡದ ಚಾರ್ಜರ್ ಕೊಳ್ಳುವುದು ತಪ್ಪಿದರೆ ಗ್ರಾಹಕರಿಗೆ ವರ್ಷಕ್ಕೆ 25 ಕೋಟಿ ಯೂರೊವರೆಗೆ ಉಳಿತಾಯ ಎಂದೂ ಹೇಳಿತ್ತು.

11,000 ಟನ್ ಅಂಕಿ ಎಲ್ಲ ಕಡೆ ಓಡಾಡಿತು. ಅದೇ ಕಮಿಷನ್ ಹೇಳಿದ ಇನ್ನೊಂದು ಅಂಕಿ ಅಷ್ಟು ಓಡಾಡಲಿಲ್ಲ. ಹೊಸ ನಿಯಮದಿಂದ ನಿಜವಾಗಿ ಕಡಿಮೆಯಾಗುವ ಕಸ ವರ್ಷಕ್ಕೆ ಸುಮಾರು ಸಾವಿರ ಟನ್. ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಜಗತ್ತಿನಲ್ಲಿ 2022ರ ಒಂದೇ ವರ್ಷ ಆದ ಇ-ಕಸ 6.2 ಕೋಟಿ ಟನ್. ಅದರ ಮುಂದೆ ಸಾವಿರ ಟನ್ ಎಂದರೆ ಸಾಸಿವೆ ಕಾಳು. ಹಾಗಂತ ಬೇಡ ಎನ್ನಬೇಕಿಲ್ಲ. ಆದರೆ ಕಂಪನಿಗಳು ಪರಿಸರದ ಹೆಸರು ಹೇಳುವಾಗ ಅಳತೆ ನೆನಪಿರಬೇಕು.

ಕಂಪನಿಗೆ ಆಗುವ ಉಳಿತಾಯ ಬೇರೆಯೇ ಇದೆ. ಚಾರ್ಜರ್ ತಯಾರಿಸುವ ಖರ್ಚು ಉಳಿಯುತ್ತದೆ. ಬಾಕ್ಸ್ ತೆಳ್ಳಗಾದರೆ ಒಂದೇ ವಿಮಾನದಲ್ಲಿ ಜಾಸ್ತಿ ಬಾಕ್ಸ್ ಹಿಡಿಸುತ್ತವೆ. ಐಫೋನ್ 12ರ ಹೊತ್ತಿಗೆ, ಸರಕು ಜೋಡಿಸುವ ಒಂದು ಹಲಗೆಯ (ಪ್ಯಾಲೆಟ್) ಮೇಲೆ ಶೇ 70ರಷ್ಟು ಹೆಚ್ಚು ಬಾಕ್ಸ್ ಜೋಡಿಸಬಹುದು ಎಂದು ಆಪಲ್ ತಾನೇ ಹೇಳಿಕೊಂಡಿತ್ತು. ಹೊಗೆ ಕಡಿಮೆಯಾಗುವುದು ನಿಜ, ಸಾಗಣೆ ಖರ್ಚು ಕಡಿಮೆಯಾಗುವುದೂ ಅಷ್ಟೇ ನಿಜ.

ನನಗೆ ಕಸದ ವಿಚಾರದಲ್ಲಿ ಹೆಚ್ಚು ಭರವಸೆ ಕಾಣುವುದು ಬಾಕ್ಸ್‌ನಿಂದ ಚಾರ್ಜರ್ ತೆಗೆಯುವುದರಲ್ಲಿ ಅಲ್ಲ, ಬಿಚ್ಚಿ ಹಾಕಬಹುದಾದ ಕೇಬಲ್‌ನಲ್ಲಿ. ಹಳೇ ಲ್ಯಾಪ್‌ಟಾಪ್ ಚಾರ್ಜರ್ ಸಾಮಾನ್ಯವಾಗಿ ಸಾಯುವುದು ಎಲ್ಲಿ? ಪಿನ್ ಹತ್ತಿರ ವೈರ್ ಮಡಚಿ ಮಡಚಿ ಒಳಗಿನ ತಂತಿ ಕಡಿಯುತ್ತದೆ. ಡಬ್ಬ ಗಟ್ಟಿಯಾಗೇ ಇರುತ್ತದೆ. ಆದರೂ ಇಡೀ ಚಾರ್ಜರ್ ಕಸಕ್ಕೆ. ಟೈಪ್-ಸಿಯಲ್ಲಿ ಕೇಬಲ್ ಮಾತ್ರ ಬದಲಿಸಿದರೆ ಸಾಕು. ಚಾರ್ಜರ್‌ಗಳಿಗೂ ಯುರೋಪ್ ಈಗ ನಿಯಮ ಮಾಡಿದ್ದು, 2028ರ ಕೊನೆಯ ಹೊತ್ತಿಗೆ ಅಲ್ಲಿ ಮಾರುವ ಯುಎಸ್‌ಬಿ ಚಾರ್ಜರ್‌ಗಳಲ್ಲಿ ಟೈಪ್-ಸಿ ಪೋರ್ಟ್ ಮತ್ತು ಬಿಚ್ಚುವ ಕೇಬಲ್ ಇರಬೇಕಾಗುತ್ತದೆ.

ಬ್ರೆಜಿಲ್ ಹೇಳಿದ್ದು ಉಲ್ಟಾ

ಇದೇ ಪ್ರಶ್ನೆಗೆ ಬ್ರೆಜಿಲ್ ಕೊಟ್ಟ ಉತ್ತರ ಪೂರಾ ಬೇರೆ. ಚಾರ್ಜರ್ ಇಲ್ಲದ ಫೋನ್ ಎಂದರೆ ಅಪೂರ್ಣ ಸರಕು ಎಂದು ಅಲ್ಲಿನ ಗ್ರಾಹಕ ಇಲಾಖೆಗಳು ವಾದಿಸಿದವು. ಸಾವೊ ಪೌಲೊ ರಾಜ್ಯದ ಗ್ರಾಹಕ ಸಂಸ್ಥೆ 2021ರಲ್ಲಿ ಆಪಲ್‌ಗೆ ದಂಡ ಹಾಕಿತು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಇನ್ನೂ ಮುಂದೆ ಹೋಗಿ 1.2 ಕೋಟಿ ರಿಯಲ್‌ಗೂ (ಬ್ರೆಜಿಲ್‌ನ ಹಣ) ಹೆಚ್ಚು ದಂಡ ವಿಧಿಸಿ, ಚಾರ್ಜರ್ ಇಲ್ಲದ ಐಫೋನ್ ಮಾರಬಾರದು ಎಂದು ಆದೇಶಿಸಿತು.

ಇಲ್ಲಿ ಒಂದು ತಮಾಷೆ ಇದೆ. ಒಂದಕ್ಕೊಂದು ಕಟ್ಟಿ ಮಾರಬಾರದು ಎಂಬುದೇ ಎರಡೂ ಕಡೆಯ ತಕರಾರು. ಯುರೋಪಿನವರು ‘ಫೋನ್ ಜೊತೆ ಬೇಡದ ಚಾರ್ಜರ್ ಕಟ್ಟುತ್ತಿದ್ದೀರಿ’ ಎಂದರು. ಬ್ರೆಜಿಲ್‌ನವರು ‘ಚಾರ್ಜರ್ ಕೊಡದೆ, ಅದನ್ನು ಬೇರೆಯಾಗಿ ಕೊಳ್ಳುವಂತೆ ಬಲವಂತ ಮಾಡುತ್ತಿದ್ದೀರಿ’ ಎಂದರು. ಮನೆಯಲ್ಲಿ ಆಗಲೇ ಒಗ್ಗುವ ಚಾರ್ಜರ್ ಇದ್ದವನಿಗೆ ಮೊದಲನೆಯದು ಸರಿ. ಇಲ್ಲದವನಿಗೆ ಎರಡನೆಯದು ಸರಿ. ಲ್ಯಾಪ್‌ಟಾಪ್ ವಿಚಾರದಲ್ಲಿ ಸದ್ಯಕ್ಕೆ ಎರಡನೇ ಗುಂಪೇ ದೊಡ್ಡದು ಎಂದು ನನ್ನ ಅಂದಾಜು. ಯುರೋಪಿನ ಕಾನೂನಿನಲ್ಲೇ ಮುಂದೊಂದು ದಿನ ಚಾರ್ಜರ್ ಬೇರ್ಪಡಿಸುವುದನ್ನು ಕಡ್ಡಾಯ ಮಾಡಬೇಕೇ ಎಂದು ಪರಿಶೀಲಿಸುವ ಅವಕಾಶ ಇಟ್ಟಿದ್ದಾರೆ. ಆ ಪರಿಶೀಲನೆ ಮಾಡುವವರು ಫೋನ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ತಕ್ಕಡಿಗೆ ಹಾಕದಿದ್ದರೆ ಒಳ್ಳೆಯದು.

ಅಗ್ಗದ ಚಾರ್ಜರ್‌ನ ಅಪಾಯ

ಬಾಕ್ಸ್‌ನಲ್ಲಿ ಚಾರ್ಜರ್ ಇಲ್ಲ, ಕಂಪನಿಯ ಚಾರ್ಜರ್ ದುಬಾರಿ. ಆಗ ಜನ ಏನು ಮಾಡುತ್ತಾರೆ? ಸಿಕ್ಕಿದ್ದರಲ್ಲಿ ಅಗ್ಗದ್ದು ತರುತ್ತಾರೆ. ಚಾರ್ಜರ್‌ನ ಕೆಲಸ ಸಾಕೆಟ್‌ನ 230 ವೋಲ್ಟನ್ನು 20ಕ್ಕೆ ಇಳಿಸುವುದು ಮಾತ್ರ ಅಲ್ಲ, ಎರಡರ ನಡುವೆ ಭದ್ರವಾದ ಗೋಡೆಯಂತೆ ನಿಲ್ಲುವುದೂ ಹೌದು. ಕಳಪೆ ಚಾರ್ಜರ್‌ಗಳಲ್ಲಿ ಖರ್ಚು ಉಳಿಸುವುದು ಈ ಗೋಡೆಯಲ್ಲೇ. ಅದು ಸೋತರೆ ಸಾಕೆಟ್‌ನ ವಿದ್ಯುತ್ ನೇರ ಕೈಗೆ ಬರುತ್ತದೆ.

ಭಾರತದಲ್ಲಿ ಇದಕ್ಕೊಂದು ಜರಡಿ ಇದೆ. ಇಲ್ಲಿ ಮಾರುವ ಅಡಾಪ್ಟರ್‌ಗಳು ಸರಕುಗಳ ಮಾನದಂಡ ಗೊತ್ತು ಮಾಡುವ ಬಿಐಎಸ್ ಸಂಸ್ಥೆಯಲ್ಲಿ ನೋಂದಣಿ ಆಗಿರಬೇಕು, ಮೈಮೇಲೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ.

ಇನ್ನೊಂದು ಸಣ್ಣ ವಿಷಯ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಅಂಗೈ ಇಟ್ಟರೆ ಕೆಲವೊಮ್ಮೆ ಜುಮ್ ಎನ್ನುತ್ತದೆ. ಹಳೇ ಇಟ್ಟಿಗೆ ಚಾರ್ಜರ್‌ಗಳಿಗೆ ಸಾಮಾನ್ಯವಾಗಿ ಮೂರು ಪಿನ್ ಇರುತ್ತಿತ್ತು, ಅರ್ಥಿಂಗ್ ಸಿಗುತ್ತಿತ್ತು. ಈಗಿನ ಪುಟ್ಟ ಟೈಪ್-ಸಿ ಚಾರ್ಜರ್‌ಗಳಲ್ಲಿ ಹೆಚ್ಚಿನವಕ್ಕೆ ಎರಡೇ ಪಿನ್. ಒಳ್ಳೇ ಚಾರ್ಜರ್‌ನಲ್ಲೂ ಸೋರುವ ಅತಿ ಸಣ್ಣ ಕರೆಂಟ್ ಹೋಗಲು ದಾರಿ ಇಲ್ಲದೆ ನಮ್ಮ ಕೈ ಮೂಲಕ ಹೋಗುತ್ತದೆ. ಅದರಿಂದ ಅಪಾಯ ಇಲ್ಲ, ಕಿರಿಕಿರಿ ಅಷ್ಟೇ. ಆದರೆ ಜುಮ್ ಎನ್ನುವುದು ಜೋರಾಗಿ ಹೊಡೆದಂತೆ ಆದರೆ ಆ ಚಾರ್ಜರನ್ನು ಮತ್ತೆ ಬಳಸಬಾರದು.

ನಮ್ಮಲ್ಲಿ ಏನಾಗಬಹುದು

ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ನವೆಂಬರ್‌ನಲ್ಲಿ ಕಂಪನಿಗಳನ್ನೂ ತಜ್ಞರನ್ನೂ ಕೂರಿಸಿ ಮಾತಾಡಿತು. ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗಳಿಗೆ ಟೈಪ್-ಸಿ ಇರಲಿ ಎಂಬ ಒಮ್ಮತ ಬಂತು. 2023ರ ಜನವರಿಯಲ್ಲಿ ಬಿಐಎಸ್ ಟೈಪ್-ಸಿಗೆ ಮಾನದಂಡವನ್ನೂ ಪ್ರಕಟಿಸಿತು. ಆ ಚರ್ಚೆಯೆಲ್ಲ ನಡೆದದ್ದು ಪೋರ್ಟ್ ಬಗ್ಗೆ. ಬಾಕ್ಸ್‌ನಲ್ಲಿ ಚಾರ್ಜರ್ ಇರಬೇಕಾ ಬೇಡವಾ ಎಂಬುದು ಬೇರೆಯೇ ಪ್ರಶ್ನೆ.

ಎರಡನ್ನೂ ಬೇರೆಯಾಗಿ ಇಡುವುದೇ ಸರಿ. ಪೋರ್ಟ್ ಒಂದೇ ಆದರೆ ಎಲ್ಲರಿಗೂ ಲಾಭ, ಅದರಲ್ಲಿ ಎರಡು ಮಾತಿಲ್ಲ. ಚಾರ್ಜರ್ ಬೇರ್ಪಡಿಸುವ ದಿನ ಇಲ್ಲೂ ಬಂದರೆ, ‘ಚಾರ್ಜರ್ ಇಲ್ಲದೆಯೂ ಮಾರಿ’ ಎಂದಷ್ಟೇ ಬರೆದು ಬಿಟ್ಟರೆ ಯುರೋಪಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ‘ಎರಡೂ ಬಗೆ ಮಾರಿ, ಎರಡರ ಬೆಲೆಯನ್ನೂ ಒಂದೇ ಕಡೆ ತೋರಿಸಿ’ ಎಂದು ಬರೆದರೆ ಕಂಪನಿಗೆ ನುಣುಚಿಕೊಳ್ಳಲು ಜಾಗ ಇರುವುದಿಲ್ಲ. ಕಂಪನಿಗಳು ಸ್ಟಾಕ್‌ನ ಕಷ್ಟ ಹೇಳುತ್ತವೆ. ಅದು ಸುಳ್ಳಲ್ಲ. ಅದಕ್ಕೂ ದಾರಿ ಇದೆ. ಬಾಕ್ಸ್ ಒಂದೇ ಇರಲಿ, ಬಿಲ್ ಮಾಡುವಾಗ ಚಾರ್ಜರ್ ಬೇಕು ಎಂದವರಿಗೆ ಚಾರ್ಜರ್ ಸಮೇತದ ಬೆಲೆಗೇ ಇನ್ನೊಂದು ಪುಟ್ಟ ಡಬ್ಬ ಕೈಗಿಡಲಿ.

ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಕೆಲಸಕ್ಕೋ ಓದಿಗೋ ಹೋದ ನಮ್ಮವರು ಬರುವಾಗ ಲ್ಯಾಪ್‌ಟಾಪ್ ತರುವುದು ಇದ್ದೇ ಇದೆ. ಅಂಥವರು ಬಾಕ್ಸ್ ಮೇಲಿನ ಪ್ಲಗ್ ಚಿತ್ರಕ್ಕೆ ಗೀಟು ಇದೆಯಾ ನೋಡಿಕೊಳ್ಳಬೇಕು. ಗೀಟು ಇದ್ದರೆ, ಊರಿನಲ್ಲೇ ಬಳಸುವ ಲ್ಯಾಪ್‌ಟಾಪ್ ಆದರೆ, ಅಲ್ಲಿನ ಪಿನ್ನಿನ ಚಾರ್ಜರ್‌ಗೆ ಯೂರೊ ಸುರಿಯುವ ಅಗತ್ಯ ಇಲ್ಲ. ಪಕ್ಕದ ಗುರುತಿನಲ್ಲಿರುವ ದೊಡ್ಡ ಅಂಕಿಯನ್ನು ಬರೆದುಕೊಂಡು ಬಂದು, ಅಷ್ಟು ವಾಟ್‌ನ, ಆರ್ ಸಂಖ್ಯೆ ಇರುವ ಪಿಡಿ ಚಾರ್ಜರನ್ನು ಇಲ್ಲೇ ಕೊಂಡರೆ ನಮ್ಮ ಗೋಡೆಯ ಸಾಕೆಟ್‌ಗೂ ಸರಿಯಾಗಿ ಕೂರುತ್ತದೆ.